ಗೇಟು ಕೆಟ್ಟಿದ್ದ ಅಪಾರ್ಟ್‌ಮೆಂಟಿನಲ್ಲಿ ದರೋಡೆ: ಮಾಲೀಕರ ಹೊಣೆ ಎಷ್ಟು?

ಪ್ರಶ್ನೆ: ಇರ್ವಿಂಗ್ ನಿವಾಸಿ

ಎಲ್ಲರಿಗೂ ನಮಸ್ಕಾರ. ಟೆಕ್ಸಾಸಿನ ಡಲ್ಲಾಸ್ ಪಕ್ಕದ ಇರ್ವಿಂಗ್‌ನಲ್ಲಿ, ಸುಮಾರು ಮುನ್ನೂರು ಮನೆಗಳಿರುವ ಒಂದು ಅಪಾರ್ಟ್‌ಮೆಂಟಿನಲ್ಲಿ ನಾವು ಎರಡೂವರೆ ವರ್ಷದಿಂದ ಬಾಡಿಗೆಗಿದ್ದೇವೆ. ಅದರ ಹೆಸರನ್ನು ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ.

ಮೂರು ವಾರಗಳ ಹಿಂದೆ ಒಂದು ಸಂಜೆ, ಇನ್ನೂ ಏಳು ಗಂಟೆ ಆಗಿರಲಿಲ್ಲ, ನನ್ನ ಪತ್ನಿ ಇಂಡಿಯನ್ ಸ್ಟೋರಿನಿಂದ ಬಂದು ಕಾರ್‌ಪೋರ್ಟಿನಲ್ಲಿ ಡಿಕ್ಕಿಯಿಂದ ಸಾಮಾನಿನ ಚೀಲಗಳನ್ನು ಇಳಿಸುತ್ತಿದ್ದಾಗ ಇಬ್ಬರು ಹಿಂದಿನಿಂದ ಬಂದರು. ಒಬ್ಬ ಪಿಸ್ತೂಲು ತೋರಿಸಿದ. ಇನ್ನೊಬ್ಬ ಕೊರಳಿನ ಕರಿಮಣಿ ಸರವನ್ನೂ ಕೈಬಳೆಗಳನ್ನೂ ಕಿತ್ತುಕೊಂಡ. ಬಳೆ ಎಳೆಯುವ ರಭಸಕ್ಕೆ ಆಕೆ ಬಿದ್ದು ಎಡಗೈ ಮಣಿಕಟ್ಟಿನ ಮೂಳೆ ಮುರಿಯಿತು. ಕೈಯಲ್ಲಿದ್ದ ತೊಗರಿಬೇಳೆಯ ಚೀಲ ಹರಿದು ಚೆಲ್ಲಿತ್ತು. ಮಾರನೆಯ ಬೆಳಿಗ್ಗೆ ಆಸ್ಪತ್ರೆಗೆ ಹೊರಟಾಗ ನೋಡಿದರೆ ಕಾರಿನ ಟೈರಿನ ಗೀರುಗಳಲ್ಲೆಲ್ಲ ಬೇಳೆ ಸಿಕ್ಕಿಕೊಂಡಿತ್ತು. ಪೊಲೀಸ್ ರಿಪೋರ್ಟ್ ಆಗಿದೆ. ಯಾರೂ ಸಿಕ್ಕಿಲ್ಲ.

ನನ್ನ ಪ್ರಶ್ನೆ ಗೇಟಿಗೆ ಸಂಬಂಧಿಸಿದ್ದು. ಹಿಂಬದಿಯ ವಾಹನದ ಗೇಟು ಜುಲೈನಿಂದ ಕೆಟ್ಟಿತ್ತು. ಕಸದ ಲಾರಿ ತಗುಲಿ ಅದರ ಮೋಟರಿನ ತೋಳು ಬಾಗಿದ ಮೇಲೆ, ಗೇಟನ್ನು ಪೂರ್ತಿ ತೆರೆದು ಕಂಬಕ್ಕೆ ಸರಪಳಿ ಸುತ್ತಿ ಬಿಟ್ಟುಬಿಟ್ಟರು. ನಾನು ಆಗಸ್ಟ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಅವರ ಪೋರ್ಟಲ್ಲಿನಲ್ಲಿ ದೂರು ದಾಖಲಿಸಿದ್ದೆ. ಎರಡು ಸಲವೂ ನಾಲ್ಕೈದು ದಿನಗಳಲ್ಲಿ ‘ಕೆಲಸ ಪೂರ್ಣಗೊಂಡಿದೆ’ ಎಂಬ ಸಂದೇಶ ಬಂತು. ಗೇಟು ಮಾತ್ರ ಇದ್ದ ಹಾಗೆಯೇ ಇತ್ತು. ನಮ್ಮ ಕಾರ್‌ಪೋರ್ಟಿನ ಮೇಲಿನ ಎರಡು ದೀಪಗಳೂ ಉರಿಯುತ್ತಿರಲಿಲ್ಲ. ಈ ಮನೆ ಹಿಡಿಯುವಾಗ ಅವರ ಜಾಹೀರಾತಿನಲ್ಲಿ ‘ಗೇಟೆಡ್ ಕಮ್ಯುನಿಟಿ’ ಎಂದು ದಪ್ಪಕ್ಷರದಲ್ಲಿ ಇದ್ದುದೂ ನೆನಪಿದೆ.

ಬೆಂಗಳೂರಿನಲ್ಲಿ ನಾವಿದ್ದ ಬಾಡಿಗೆ ಮನೆಯ ಮಾಲೀಕರು ಮೇಲಿನ ಮಹಡಿಯಲ್ಲೇ ಇದ್ದರು. ಬಲ್ಬ್ ಹೋದರೆ ಮೆಟ್ಟಿಲ ಬಳಿ ನಿಂತು ಕೂಗಿದರೆ ಸಾಕಿತ್ತು. ಇಲ್ಲಿ ಮಾಲೀಕರು ಯಾರೆಂಬುದೇ ಗೊತ್ತಿಲ್ಲ, ಲೀಸಿಂಗ್ ಆಫೀಸಿನವರು ಮಾತ್ರ ಗೊತ್ತು. ಆ ಆಫೀಸಿನವರು ಕಳೆದ ವಾರ ನಮ್ಮನ್ನು ಕರೆದು, ಒಂದು ತಿಂಗಳ ಬಾಡಿಗೆ ಮನ್ನಾ ಮಾಡುತ್ತೇವೆ, ಬೇಕಿದ್ದರೆ ದಂಡವಿಲ್ಲದೆ ಲೀಸ್ ಮುರಿದು ಹೋಗಬಹುದು ಎಂದು ಹೇಳಿ ಎರಡು ಪುಟದ ಕಾಗದವೊಂದನ್ನು ಮುಂದಿಟ್ಟರು. ಅದರ ಕೊನೆಯಲ್ಲಿ, ಈ ಘಟನೆಯ ಬಗ್ಗೆ ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲವೆಂಬ ಸಾಲು ಇದೆ. ಸಹಿ ಹಾಕಲು ಶುಕ್ರವಾರದವರೆಗೆ ಸಮಯ ಕೊಟ್ಟಿದ್ದಾರೆ.

ಅಪರಾಧ ಮಾಡಿದವರು ಬೇರೆಯವರಾದಾಗ ಅಪಾರ್ಟ್‌ಮೆಂಟಿನವರು ಕಾನೂನಿನ ಪ್ರಕಾರ ಹೊಣೆಗಾರರಾಗುತ್ತಾರೆಯೇ? ಗೇಟು ಕೆಟ್ಟಿತ್ತೆಂಬುದು ಸಾಕೇ? ಇಲ್ಲಿ ನಾವು ಎಚ್‌1ಬಿ (ಕೆಲಸದ) ಮತ್ತು ಎಚ್‌4 (ಸಂಗಾತಿಯ) ವೀಸಾದಲ್ಲಿದ್ದೇವೆ, ದಾವೆ ಹೂಡಿದರೆ ಅದಕ್ಕೆ ತೊಂದರೆಯಾಗುವುದೇ ಎಂಬ ಭಯವೂ ಮನೆಯಲ್ಲಿದೆ.

ಉತ್ತರ: ಪ್ಲೇನೋ ಪ್ಯಾರಾಲೀಗಲ್

ಮೊದಲು ತಮ್ಮ ಪತ್ನಿಯವರು ಬೇಗ ಗುಣವಾಗಲಿ ಎಂದು ಹಾರೈಸುತ್ತೇನೆ. ನಾನು ವಕೀಲೆಯಲ್ಲ; ಒಂಬತ್ತು ವರ್ಷದಿಂದ ವಕೀಲರ ಕಚೇರಿಯಲ್ಲಿ ಇಂಥ ಕಡತಗಳನ್ನು ಸಿದ್ಧಪಡಿಸುವ ಕೆಲಸ ಮಾಡುತ್ತಿದ್ದೇನೆ. ಆದ್ದರಿಂದ ಇದನ್ನು ಸಲಹೆಯೆಂದು ತೆಗೆದುಕೊಳ್ಳದೆ, ವಕೀಲರ ಬಳಿ ಹೋಗುವ ಮುನ್ನ ತಿಳಿದಿರಬೇಕಾದ ವಿಷಯವೆಂದು ಓದಿಕೊಳ್ಳಿ. ಆ ಕಾಗದಕ್ಕೆ ಶುಕ್ರವಾರ ಸಹಿ ಹಾಕಬೇಡಿ. ಆ ಗಡುವು ಅವರದೇ ಹೊರತು ಕಾನೂನಿನದಲ್ಲ. ದೈಹಿಕ ಗಾಯದ ದಾವೆಗೆ ಟೆಕ್ಸಾಸಿನಲ್ಲಿ ಎರಡು ವರ್ಷದ ಅವಧಿ ಇದೆ. ವೀಸಾದ ಚಿಂತೆಯನ್ನೂ ಬಿಡಿ. ಸಿವಿಲ್ ದಾವೆ ಹೂಡಲು ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಬೇಕಿಲ್ಲ.

ಇನ್ನು ಮುಖ್ಯ ಪ್ರಶ್ನೆ. ಮೂರನೆಯವನು ಮಾಡಿದ ಅಪರಾಧಕ್ಕೆ ಜಾಗದ ಒಡೆಯ ಸಾಮಾನ್ಯವಾಗಿ ಹೊಣೆಯಲ್ಲ ಎಂಬುದೇ ಇಲ್ಲಿನ ಮೂಲ ನಿಯಮ. ಅದಕ್ಕೊಂದು ಅಪವಾದವಿದೆ: ಆ ಜಾಗದ ಭದ್ರತೆ ಯಾರ ಹಿಡಿತದಲ್ಲಿದೆಯೋ ಅವರಿಗೆ, ಇಂಥ ಅಪಾಯ ಬರಬಹುದೆಂದು ಗೊತ್ತಿದ್ದರೆ ಅಥವಾ ಗೊತ್ತಿರಬೇಕಾಗಿದ್ದರೆ, ಸಾಧಾರಣ ಎಚ್ಚರಿಕೆ ವಹಿಸುವ ಕರ್ತವ್ಯ ಹುಟ್ಟುತ್ತದೆ. ಪಾರ್ಕಿಂಗ್, ಗೇಟು, ಮೆಟ್ಟಿಲು, ಬಟ್ಟೆ ಒಗೆಯುವ ಕೋಣೆ ಇವೆಲ್ಲ ಮಾಲೀಕರ ಹಿಡಿತದಲ್ಲೇ ಇರುವುದರಿಂದ ಆ ಭಾಗದಲ್ಲಿ ವಾದಕ್ಕೆ ಹೆಚ್ಚು ಅವಕಾಶವಿಲ್ಲ. ಜಗಳ ನಡೆಯುವುದೆಲ್ಲ ‘ಗೊತ್ತಿರಬೇಕಾಗಿತ್ತೇ’ ಎಂಬಲ್ಲಿ.

ಇದನ್ನು ಅಳೆಯುವ ಮಾನದಂಡವನ್ನು ಟೆಕ್ಸಾಸ್ ಸುಪ್ರೀಂ ಕೋರ್ಟ್ 1998ರಲ್ಲಿ ಟಿಂಬರ್‌ವಾಕ್ ಅಪಾರ್ಟ್‌ಮೆಂಟ್ಸ್ ಪ್ರಕರಣದಲ್ಲಿ ಹೇಳಿತು. ಹಿಂದಿನ ಅಪರಾಧಗಳು ಎಷ್ಟು ಹತ್ತಿರದಲ್ಲಿ ನಡೆದವು, ಎಷ್ಟು ಇತ್ತೀಚಿನವು, ಎಷ್ಟು ಬಾರಿ ನಡೆದವು, ಈಗ ನಡೆದದ್ದಕ್ಕೆ ಎಷ್ಟು ಹೋಲುತ್ತವೆ, ಮಾಲೀಕರ ಕಿವಿಗೆ ಬೀಳುವಷ್ಟು ಅವು ಪ್ರಚಾರವಾಗಿದ್ದವೇ ಎಂಬ ಐದನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಆ ಪ್ರಕರಣದಲ್ಲಿ ಮನೆಯೊಳಗೇ ಅತ್ಯಾಚಾರಕ್ಕೆ ಒಳಗಾದ ಬಾಡಿಗೆದಾರಳು ಸೋತಳು. ಹಿಂದಿನ ಹತ್ತು ವರ್ಷಗಳಲ್ಲಿ ಆ ಅಪಾರ್ಟ್‌ಮೆಂಟಿನಲ್ಲಿ ಒಂದೂ ಹಿಂಸಾತ್ಮಕ ಅಪರಾಧ ನಡೆದಿರಲಿಲ್ಲವಾದ್ದರಿಂದ ಮಾಲೀಕರು ಅದನ್ನು ನಿರೀಕ್ಷಿಸುವಂತಿರಲಿಲ್ಲ ಎಂದು ನ್ಯಾಯಾಲಯ ಹೇಳಿತು. ಕಾರಿನ ಗಾಜು ಒಡೆದ ಕಳ್ಳತನಗಳು ಎಷ್ಟಿದ್ದರೂ ಅವು ಮನುಷ್ಯರ ಮೇಲಿನ ದಾಳಿಯ ಮುನ್ಸೂಚನೆಯಾಗುವುದು ಕಷ್ಟ. 2008ರಲ್ಲಿ ಸ್ಯಾನ್ ಆಂಟೋನಿಯೊದ ಒಂದು ಶಾಪಿಂಗ್ ಸೆಂಟರಿನ ಪ್ರಕರಣವಂತೂ ಇನ್ನೂ ಕಟು: ಎರಡು ವರ್ಷಗಳಲ್ಲಿ ಅಲ್ಲಿ 227 ಅಪರಾಧಗಳು ವರದಿಯಾಗಿದ್ದವು, ಅದರಲ್ಲಿ ಹತ್ತು ದರೋಡೆಗಳು, ಆದರೂ ಸಿನಿಮಾ ನೋಡಿ ಹೊರಬಂದವನೊಬ್ಬನ ಕೊಲೆಯನ್ನು ಅವುಗಳಿಂದ ಊಹಿಸಲಾಗುತ್ತಿರಲಿಲ್ಲ ಎಂದೇ ತೀರ್ಪಾಯಿತು. ನಮ್ಮ ರಾಜ್ಯದ ನ್ಯಾಯಾಲಯಗಳು ಈ ವಿಷಯದಲ್ಲಿ ಮಾಲೀಕರ ಕಡೆಗೇ ವಾಲುತ್ತವೆ ಎಂಬುದು ನನ್ನ ಅನುಭವ. ಅದನ್ನು ಮರೆಮಾಚಿ ತಮಗೆ ಧೈರ್ಯ ತುಂಬಲಾರೆ.

ಹಾಗೆಂದು ಬಾಗಿಲು ಮುಚ್ಚಿಲ್ಲ. ತಮ್ಮ ಊರಿನ ಪಕ್ಕದ ಡಲ್ಲಾಸಿನದೇ ಒಂದು ಹಳೆಯ ಪ್ರಕರಣವಿದೆ, ಶಾಮೆಟ್ ಅಪಾರ್ಟ್‌ಮೆಂಟ್ಸ್‌ನದು. ಬೀದಿಯಲ್ಲಿದ್ದ ಹತ್ತು ವರ್ಷದ ಹುಡುಗಿಯನ್ನು ಎಳೆದುಕೊಂಡು ಬಂದ ಅಪರಿಚಿತನೊಬ್ಬ ಅಲ್ಲಿನ ಖಾಲಿ ಮನೆಯೊಂದರಲ್ಲಿ ಅತ್ಯಾಚಾರ ಮಾಡಿದ. ಆ ಮನೆಯ ಕಿಟಕಿಯ ಗಾಜುಗಳು ಒಡೆದಿದ್ದವು, ಬಾಗಿಲು ಕೀಲಿನಿಂದ ಕಳಚಿತ್ತು. ಅದಕ್ಕೆ ಮುಂಚಿನ ಎರಡು ವರ್ಷಗಳಲ್ಲಿ ಅಲ್ಲಿ ಒಂದು ಕೊಲೆ ಯತ್ನ, ಎರಡು ಸಶಸ್ತ್ರ ದರೋಡೆ, ಎರಡು ಗಂಭೀರ ಹಲ್ಲೆ, ಹದಿನಾರು ಮನೆಗಳ್ಳತನ ಇತ್ಯಾದಿಗಳನ್ನು ಪೊಲೀಸರು ದಾಖಲಿಸಿದ್ದರು. ಖಾಲಿ ಕಟ್ಟಡಗಳ ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿಡಬೇಕೆಂದು ಡಲ್ಲಾಸ್ ನಗರದ ನಿಯಮವೂ ಇತ್ತು. ವಿಚಾರಣೆಯೇ ಇಲ್ಲದೆ ಮಾಲೀಕರನ್ನು ಹೊಣೆಯಿಂದ ಮುಕ್ತಗೊಳಿಸಿದ್ದ ಕೆಳಗಿನ ನ್ಯಾಯಾಲಯದ ಆದೇಶವನ್ನು 1985ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿ, ಇದು ಜ್ಯೂರಿ (ತೀರ್ಪು ಹೇಳಲು ಆರಿಸಿದ ಸಾಮಾನ್ಯ ನಾಗರಿಕರ ಮಂಡಳಿ) ನಿರ್ಧರಿಸಬೇಕಾದ ವಿಷಯವೆಂದು ಮರಳಿ ಕಳಿಸಿತು.

ಆದ್ದರಿಂದ ಗೇಟು ಕೆಟ್ಟಿತ್ತೆಂಬುದಷ್ಟೇ ಸಾಲದು. ಅದೇ ಆವರಣದಲ್ಲಿ, ಇತ್ತೀಚೆಗೆ, ಅಂಥದೇ ದರೋಡೆಗಳು ನಡೆದಿದ್ದವೇ, ಆಫೀಸಿಗೆ ಅದು ತಿಳಿದಿತ್ತೇ ಎಂಬುದನ್ನು ತಾವು ತೋರಿಸಬೇಕು. ಪೊಲೀಸರಿಗೆ ಬಂದ ಕರೆಗಳ ವಿಳಾಸವಾರು ಪಟ್ಟಿಯನ್ನು ಟೆಕ್ಸಾಸಿನ ಸಾರ್ವಜನಿಕ ಮಾಹಿತಿ ಕಾಯಿದೆಯಡಿ ನಗರದವರಲ್ಲಿ ಕೇಳಬಹುದು. ನಮ್ಮ ಆರ್‌ಟಿಐ ಅರ್ಜಿಯ ಹಾಗೆಯೇ. ಹಿಂದಿನ ಎರಡು ಮೂರು ವರ್ಷದ್ದನ್ನು ಕೇಳಿ.

ಆಸ್ಪತ್ರೆಯ ಖರ್ಚಿನ ಬಗ್ಗೆ ಒಂದು ಮಾತು. ದಾವೆ ಏನೇ ಆಗಲಿ, ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ಅಪರಾಧ ಸಂತ್ರಸ್ತರ ಪರಿಹಾರ ಯೋಜನೆಯಿದೆ. ವಿಮೆ ಕೊಡದೆ ಉಳಿದ ವೈದ್ಯಕೀಯ ವೆಚ್ಚ ಮತ್ತು ಕೆಲಸಕ್ಕೆ ಹೋಗಲಾಗದೆ ತಪ್ಪಿದ ಸಂಬಳಕ್ಕೆ ಅಲ್ಲಿ ಅರ್ಜಿ ಹಾಕಬಹುದು. ಹೋದ ಬಂಗಾರಕ್ಕೆ ಅಲ್ಲಿ ಏನೂ ಸಿಗುವುದಿಲ್ಲ. ಅದನ್ನು ತಮ್ಮ ರೆಂಟರ್ಸ್ ಇನ್ಶೂರೆನ್ಸಿನಲ್ಲೇ ನೋಡಬೇಕು, ಅಲ್ಲೂ ಒಡವೆಗೆ ಕಡಿಮೆ ಮಿತಿ ಇಟ್ಟಿರುವುದೇ ಹೆಚ್ಚು.

ಉತ್ತರ: ಎರಡು ಮನೆಯ ಮಾಲೀಕ, ಆಸ್ಟಿನ್

ಆ ತಾಯಿಗೆ ಆದದ್ದು ಆಗಬಾರದಿತ್ತು. ಆದರೂ ಇನ್ನೊಂದು ಪಕ್ಕದ ಮಾತನ್ನೂ ಯಾರಾದರೂ ಹೇಳಬೇಕು. ನಾನು ಇಲ್ಲಿ ಎರಡು ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದೇನೆ, ಎರಡಕ್ಕೂ ಸಾಲದ ಕಂತು ಕಟ್ಟುತ್ತಿದ್ದೇನೆ. ಪಿಸ್ತೂಲು ಹಿಡಿದು ಬಂದವನು ತಪ್ಪಿಸಿಕೊಂಡು ಹೋದ, ಸಿಕ್ಕವನು ಮಾಲೀಕ ಎಂಬಂತಾದರೆ ನಾವು ಪೊಲೀಸರ ಕೆಲಸವನ್ನೂ ಮಾಡಬೇಕೇ? ಗೇಟು ಸರಿಯಿದ್ದರೂ ಮುಂದಿನ ಕಾರಿನ ಹಿಂದೆಯೇ ನುಗ್ಗುವವರು ನುಗ್ಗುತ್ತಾರೆ, ಇದನ್ನು ಅಪಾರ್ಟ್‌ಮೆಂಟಿನಲ್ಲಿ ಇದ್ದವರೆಲ್ಲ ದಿನವೂ ನೋಡಿದ್ದೇವೆ. ಲೀಸಿನಲ್ಲಿ ‘ಗೇಟು, ಕ್ಯಾಮೆರಾ ಇವು ಸುರಕ್ಷತೆಯ ಭರವಸೆಯಲ್ಲ’ ಎಂಬ ಷರತ್ತು ಇದ್ದೇ ಇರುತ್ತದೆ, ಒಮ್ಮೆ ತೆಗೆದು ಓದಿ.

ಇಲ್ಲಿನ ಕಾನೂನು ಮಾಲೀಕರಿಂದ ಏನನ್ನು ಕೇಳುತ್ತದೆಯೋ ಅದು ಸ್ಪಷ್ಟವಾಗಿಯೇ ಇದೆ. ಟೆಕ್ಸಾಸ್ ಪ್ರಾಪರ್ಟಿ ಕೋಡಿನ 92ನೇ ಅಧ್ಯಾಯದ ಪ್ರಕಾರ ಹೊರಗಿನ ಪ್ರತಿ ಕಿಟಕಿಗೆ ಚಿಲಕ, ಹೊರಬಾಗಿಲಿಗೆ ಬೀಗ, ಕೀಲಿಯಿಲ್ಲದೆ ಒಳಗಿನಿಂದ ಮಾತ್ರ ಹಾಕುವ ಅಗುಳಿ, ಹೊರಗಿರುವವರನ್ನು ನೋಡುವ ಕಿಂಡಿ ಇವನ್ನು ಬಾಡಿಗೆದಾರ ಕೇಳದಿದ್ದರೂ ಮಾಲೀಕನೇ ಹಾಕಿಸಬೇಕು. ಹೊಸಬರು ಬಂದಾಗ ಏಳು ದಿನದೊಳಗೆ ಬೀಗದ ಕೀಲಿ ಬದಲಿಸಬೇಕು. ನಾನು ಅದನ್ನೆಲ್ಲ ತಪ್ಪದೆ ಮಾಡಿದ್ದೇನೆ. ಆ ಪಟ್ಟಿಯಲ್ಲಿ ಆವರಣದ ಗೇಟು ಇಲ್ಲ.

ಉತ್ತರ: ಪ್ಲೇನೋ ಪ್ಯಾರಾಲೀಗಲ್

ಸರ್, ಆ ಪಟ್ಟಿಯಲ್ಲಿ ಗೇಟು ಇಲ್ಲವೆಂಬುದು ನಿಜ, ಮತ್ತು ಇದನ್ನು ತಾವು ಎತ್ತಿದ್ದು ಒಳ್ಳೆಯದೇ ಆಯಿತು. ಎಷ್ಟೋ ಜನ ಆ ಅಧ್ಯಾಯವನ್ನು ಹಿಡಿದುಕೊಂಡು ಬಂದು ನಿರಾಶರಾಗುತ್ತಾರೆ. ಆದರೆ ಶಾಸನ ಹೇಳದಿದ್ದಲ್ಲಿ ನಿರ್ಲಕ್ಷ್ಯದ ಸಾಮಾನ್ಯ ಕಾನೂನು ಇದ್ದೇ ಇದೆ, ಮೇಲಿನ ಪ್ರಕರಣಗಳೆಲ್ಲ ಅದರ ಅಡಿಯಲ್ಲೇ ಬಂದವು.

ಎಲ್ಲ ಹೊಣೆಯೂ ಮಾಲೀಕನ ತಲೆಗೇ ಬರುತ್ತದೆಂಬ ಭಯವೂ ಪೂರ್ತಿ ಸರಿಯಲ್ಲ. ನಮ್ಮ ರಾಜ್ಯದಲ್ಲಿ ಜ್ಯೂರಿಯು ಹೊಣೆಯನ್ನು ಶೇಕಡಾವಾರು ಹಂಚುತ್ತದೆ, ಮತ್ತು ಹೆಸರು ಗೊತ್ತಿಲ್ಲದ, ಇನ್ನೂ ಸಿಗದ ಅಪರಾಧಿಗೂ ಒಂದು ಪಾಲು ಕೊಡುವಂತೆ ಮಾಲೀಕರ ವಕೀಲರು ಕೇಳಬಹುದು, ಕೇಳಿಯೇ ಕೇಳುತ್ತಾರೆ. ಜ್ಯೂರಿ ದರೋಡೆಕೋರರಿಗೆ ಎಂಬತ್ತು ಹಾಕಿ ಮಾಲೀಕನಿಗೆ ಇಪ್ಪತ್ತು ಹಾಕಿದರೆ, ಸಾಮಾನ್ಯವಾಗಿ ಮಾಲೀಕ ಕೊಡಬೇಕಾದದ್ದು ಆ ಇಪ್ಪತ್ತರ ಲೆಕ್ಕದ್ದೇ. ಪ್ರಶ್ನೆ ಕೇಳಿದವರೂ ಇದನ್ನು ಗಮನಿಸಬೇಕು. ದೊಡ್ಡ ಮೊತ್ತದ ಕನಸು ಕಾಣುವ ಪ್ರಕರಣ ಇದಲ್ಲ.

ಇನ್ನು ‘ನಾವು ಪೊಲೀಸರೇ’ ಎಂಬ ಪ್ರಶ್ನೆ. ಇದಕ್ಕೆ ಐವತ್ತು ವರ್ಷದ ಹಿಂದೆಯೇ ವಾಷಿಂಗ್ಟನ್ನಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಕೊಟ್ಟ ಉತ್ತರ ಇಂದಿಗೂ ಎಷ್ಟೋ ಕಾನೂನು ಕಾಲೇಜುಗಳಲ್ಲಿ ಪಾಠವಾಗಿದೆ. 1500 ಮ್ಯಾಸಚೂಸೆಟ್ಸ್ ಅವೆನ್ಯೂ ಎಂಬ ವಿಳಾಸದ, 585 ಮನೆಗಳ ದೊಡ್ಡ ಕಟ್ಟಡ. ಬಾಡಿಗೆದಾರಳು 1959ರಲ್ಲಿ ಅಲ್ಲಿಗೆ ಬಂದಾಗ ಮುಖ್ಯದ್ವಾರದಲ್ಲಿ ಹಗಲೂ ರಾತ್ರಿ ಬಾಗಿಲು ಕಾಯುವವನಿದ್ದ, ಒಳಗೆ ಮೇಜಿನ ಬಳಿ ಒಬ್ಬರು ಕೂತಿರುತ್ತಿದ್ದರು, ಪಕ್ಕದ ಬಾಗಿಲುಗಳ ಮೇಲೂ ನಿಗಾ ಇತ್ತು. 1966ರ ಹೊತ್ತಿಗೆ ಬಾಗಿಲಿನವನು ಇಲ್ಲ, ಮೇಜು ಬಹುಪಾಲು ಹೊತ್ತು ಖಾಲಿ, ಪಕ್ಕದ ಬಾಗಿಲೊಂದು ರಾತ್ರಿಯೆಲ್ಲ ತೆರೆದೇ ಇರುತ್ತಿತ್ತು. ಕಟ್ಟಡದೊಳಗೆ ಕಳ್ಳತನ, ಹಲ್ಲೆ ಹೆಚ್ಚುತ್ತಿರುವುದು ಮಾಲೀಕರಿಗೆ ತಿಳಿದಿತ್ತು. ಎರಡು ತಿಂಗಳ ಹಿಂದಷ್ಟೇ ಇನ್ನೊಬ್ಬ ಮಹಿಳೆಯ ಮೇಲೆ ಅದೇ ಓಣಿಯಲ್ಲಿ ದಾಳಿಯಾಗಿತ್ತು. ಆ ನವೆಂಬರ್‌ನ ಒಂದು ರಾತ್ರಿ ಹತ್ತೂ ಕಾಲಕ್ಕೆ ಈಕೆಯನ್ನು ಮನೆ ಬಾಗಿಲಿನ ಹೊರಗೇ ಹೊಡೆದು ದೋಚಿದರು. 1970ರ ತೀರ್ಪಿನ ಸಾರ ಇಷ್ಟು: ಮಾಲೀಕ ಸುರಕ್ಷತೆಗೆ ಖಾತರಿ ಕೊಟ್ಟವನಲ್ಲ, ಪೊಲೀಸನೂ ಅಲ್ಲ, ಆದರೆ ಬಾಡಿಗೆದಾರರಿಗೆ ಕೈಹಾಕಲು ಅಧಿಕಾರವೇ ಇಲ್ಲದ ಬಾಗಿಲನ್ನು ಸರಿಪಡಿಸಬಲ್ಲವನು ಅವನೊಬ್ಬನೇ, ಮತ್ತು ಆಕೆ ಮನೆ ಹಿಡಿದಾಗ ಎಷ್ಟು ಕಾವಲಿತ್ತೋ ಅದಕ್ಕೆ ಸಮನಾದದ್ದನ್ನಾದರೂ ಅವನು ಉಳಿಸಿಕೊಳ್ಳಬೇಕಿತ್ತು. ಈ ತೀರ್ಪು ಟೆಕ್ಸಾಸನ್ನು ಕಟ್ಟಿಹಾಕುವುದಿಲ್ಲ. ಆದರೂ ಆ ಜಾಹೀರಾತಿನ ಪ್ರತಿ ಸಿಕ್ಕರೆ ತೆಗೆದಿಟ್ಟುಕೊಳ್ಳಿ. ಗೇಟಿಲ್ಲದ ಜಾಗದಲ್ಲಿ ಗೇಟು ಹಾಕಿ ಎಂದು ಕೇಳುವುದೇ ಬೇರೆ, ಗೇಟನ್ನು ತೋರಿಸಿ ಬಾಡಿಗೆ ಪಡೆದು ಅದಕ್ಕೆ ನಾಲ್ಕು ತಿಂಗಳು ಸರಪಳಿ ಸುತ್ತಿಡುವುದೇ ಬೇರೆ.

ಉತ್ತರ: ಎಚ್‌ಒಎ (ಮನೆ ಮಾಲೀಕರ ಸಂಘ) ಸದಸ್ಯೆ, ಸ್ಯಾನ್ ಹೋಸೆ

ನಾನು ಕ್ಯಾಲಿಫೋರ್ನಿಯಾದವಳು, ಇಲ್ಲಿನ ಕಾನೂನು ಬೇರೆ. ಆದರೆ ಮೇಲಿನ ಆಸ್ಟಿನ್ನಿನವರು ಹೇಳಿದ ‘ಗೇಟು ಸರಿಯಿದ್ದರೂ ನುಗ್ಗುತ್ತಿದ್ದರು’ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ರಾಜ್ಯದಲ್ಲಿ ಆ ಮಾತಿನ ಮೇಲೆಯೇ ಒಂದು ದೊಡ್ಡ ಪ್ರಕರಣ ಮುಳುಗಿತು. ಲಾಸ್ ಏಂಜಲಿಸ್ ಬಳಿಯ ಬೆಲ್‌ಫ್ಲವರ್‌ನಲ್ಲಿ 28 ಕಟ್ಟಡ, 300 ಮನೆಗಳ ಅಪಾರ್ಟ್‌ಮೆಂಟಿಗೆ ಪಾರ್ಸೆಲ್ ಕೊಡಲು ಹೋದ ಮಹಿಳೆಯ ಮೇಲೆ ಹಾಡಹಗಲೇ ಹಲ್ಲೆಯಾಯಿತು. ಗೇಟುಗಳು ಕೆಟ್ಟಿದ್ದವು, ಅಪರಾಧದ ಇತಿಹಾಸ ಉದ್ದವಿತ್ತು, ಮಾಲೀಕರಿಗೆ ಎಲ್ಲವೂ ಗೊತ್ತಿತ್ತು. ಆದರೂ 2001ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆಕೆಯ ದಾವೆಯನ್ನು ತಳ್ಳಿಹಾಕಿತು. ಕಾರಣ, ಹಲ್ಲೆಕೋರರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಅವರು ಆ ಅಪಾರ್ಟ್‌ಮೆಂಟಿನವರೇ ಆಗಿದ್ದರೆ ಗೇಟು ಗಟ್ಟಿಯಿದ್ದರೂ ತಡೆಯುತ್ತಿರಲಿಲ್ಲವಲ್ಲ. ಕೆಟ್ಟ ಗೇಟಿನಿಂದಲೇ ಈ ಹಾನಿ ಆಯಿತೆಂಬ ಕೊಂಡಿ ಸಿಗಲಿಲ್ಲ. ಸಿಗದ ಅಪರಾಧಿಯಿಂದ ಲಾಭವಾಗುವುದು ಮಾಲೀಕನಿಗೆ ಎಂಬುದು ನನಗೆ ಇಂದಿಗೂ ಅನ್ಯಾಯವೆಂದೇ ತೋರುತ್ತದೆ, ಆದರೆ ತೀರ್ಪು ಹಾಗಿದೆ, ಮತ್ತು ಇಂಥ ವಾದ ಯಾವ ರಾಜ್ಯದಲ್ಲಾದರೂ ಬರುತ್ತದೆ.

ಹಾಗಾಗಿ ಇರ್ವಿಂಗ್‌ನವರೇ, ದರೋಡೆಕೋರರು ಒಳಗೆ ಬಂದದ್ದು ಹೇಗೆ ಎಂದು ಮೊದಲು ಪತ್ತೆ ಮಾಡಿ. ಅಪಾರ್ಟ್‌ಮೆಂಟಿನ ಸಿಸಿಟಿವಿ ಇದ್ದರೆ ಅದನ್ನು ಅಳಿಸಬಾರದೆಂದು ಇಂದೇ ಬರಹದಲ್ಲಿ ಕೇಳಿ, ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ. ಎಷ್ಟೋ ಕಡೆ ಕೆಲವೇ ವಾರಗಳಲ್ಲಿ ಹಳೆಯದರ ಮೇಲೆ ಹೊಸದು ದಾಖಲಾಗಿಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ ಹಿಂಬದಿಯ ಗೇಟಿಗೆ ಎದುರಾಗಿರುವ ಮನೆಗಳ ಡೋರ್‌ಬೆಲ್ ಕ್ಯಾಮೆರಾಗಳನ್ನು ನೋಡಿ, ಅವರ ಬಾಗಿಲು ತಟ್ಟಿ.

ಸ್ವಂತ ಕಾಂಡೋ (ಅಪಾರ್ಟ್‌ಮೆಂಟಿನೊಳಗಿನ ಸ್ವಂತ ಮನೆ) ಇರುವವರಿಗೂ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ನಮ್ಮ ಸಂಘದ ಸಭೆಗಳಲ್ಲಿ ಇದು ಪದೇ ಪದೇ ಬರುತ್ತದೆ. ಲಾಸ್ ಏಂಜಲಿಸ್‌ನ ವಿಲೇಜ್ ಗ್ರೀನ್ ಎಂಬಲ್ಲಿ 1980ರಲ್ಲಿ, ಮನೆಗೆ ಕಳ್ಳರು ನುಗ್ಗಿದ ಮೇಲೆ ಒಬ್ಬಾಕೆ ಹೊರಗೆ ಹೆಚ್ಚಿನ ದೀಪ ಹಾಕಿಸಿಕೊಂಡಳು. ನಿಯಮಕ್ಕೆ ವಿರುದ್ಧವೆಂದು ಸಂಘದವರು ತೆಗೆಯಲು ಹೇಳಿದರು. ಹಳೆಯ ದೀಪಗಳೂ ಅದೇ ಸಂಪರ್ಕದಲ್ಲಿದ್ದುದರಿಂದ, ಆಕೆ ಆದೇಶ ಪಾಲಿಸಿದಾಗ ಮನೆಯ ಹೊರಗೆಲ್ಲ ಕತ್ತಲಾಯಿತು. ಆ ರಾತ್ರಿಯೇ ಆಕೆಯ ಮೇಲೆ ದಾಳಿಯಾಯಿತು. ಸಾಮಾನ್ಯ ಜಾಗದ ವಿಷಯದಲ್ಲಿ ಸಂಘವೂ ಬಾಡಿಗೆ ಮಾಲೀಕನಷ್ಟೇ ಹೊಣೆ ಹೊರಬೇಕಾಗಬಹುದು, ಆ ನಿರ್ಧಾರ ಮಾಡಿದ ನಿರ್ದೇಶಕರ ಮೇಲೂ ವೈಯಕ್ತಿಕವಾಗಿ ದಾವೆ ನಡೆಯಬಹುದು ಎಂದು 1986ರಲ್ಲಿ ತೀರ್ಪಾಯಿತು. ‘ಸೊಬಗು ಕೆಡುತ್ತದೆ’ ಎಂದು ದೀಪದ ಅರ್ಜಿ ತಿರಸ್ಕರಿಸುವ ನಮ್ಮ ಸಮಿತಿಯವರಿಗೆ ನಾನು ಪ್ರತಿ ವರ್ಷ ಇದನ್ನು ನೆನಪಿಸುತ್ತೇನೆ.

ಉತ್ತರ: ಟ್ಯಾಂಪಾ ಕನ್ನಡಿಗ

ಫ್ಲೋರಿಡಾದಲ್ಲಿ 2023ರ ಕಾನೂನು ಇದನ್ನು ಬೇರೆ ದಾರಿಗೆ ತಿರುಗಿಸಿದೆ. ಒಳಗೆ ಬರುವ ಹೊರಗೆ ಹೋಗುವ ಕಡೆ ಕ್ಯಾಮೆರಾ ಇಟ್ಟು ಮೂವತ್ತು ದಿನದ ದೃಶ್ಯ ಉಳಿಸಿಕೊಳ್ಳಬೇಕು, ಪಾರ್ಕಿಂಗಿನಲ್ಲಿ ಮುಸ್ಸಂಜೆಯಿಂದ ಬೆಳಗಿನವರೆಗೆ ಸರಾಸರಿ 1.8 ಫುಟ್‌ಕ್ಯಾಂಡಲ್ (ಬೆಳಕಿನ ಒಂದು ಅಳತೆ) ಬೆಳಕಿರಬೇಕು, ಮನೆ ಬಾಗಿಲಿಗೆ ಕನಿಷ್ಠ ಒಂದು ಇಂಚಿನ ಡೆಡ್‌ಬೋಲ್ಟ್ (ಗಟ್ಟಿ ಅಗುಳಿಯ ಬೀಗ) ಇರಬೇಕು, ಹೀಗೆ ಒಂದು ಪಟ್ಟಿ. ಜೊತೆಗೆ ಭದ್ರತೆಯ ಪರಿಶೀಲನೆ, ಸಿಬ್ಬಂದಿಗೆ ತರಬೇತಿ. ಇವೆಲ್ಲವನ್ನೂ ಬಹುಮಟ್ಟಿಗೆ ಪಾಲಿಸಿದ ಮಾಲೀಕನಿಗೆ, ಹೊರಗಿನವರ ಅಪರಾಧಕ್ಕೆ ತಾನು ಹೊಣೆಯಲ್ಲವೆಂಬ ಅನುಕೂಲ ಮೊದಲೇ ಸಿಗುತ್ತದೆ. ಮಾಲೀಕರಿಗೆ ಮಾಡಿಕೊಟ್ಟ ರಿಯಾಯಿತಿ ಇದು ಎಂದು ಆಗ ನಾನೂ ಬೈದಿದ್ದೆ. ಆದರೆ ನಾವಿರುವ ಕಡೆ ಹತ್ತು ವರ್ಷದಿಂದ ಕೇಳುತ್ತಿದ್ದ ದೀಪಗಳು ಆ ಪಟ್ಟಿ ಬಂದ ಮೇಲೆ ಬಂದವು.

ಪ್ರತಿಕ್ರಿಯೆ: ಇರ್ವಿಂಗ್ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು, ಆಸ್ಟಿನ್ನಿನ ಸರ್ ಅವರಿಗೂ. ಲೀಸ್ ತೆಗೆದು ನೋಡಿದೆ. ತಾವು ಹೇಳಿದ ಷರತ್ತು ಹದಿನೇಳನೆಯ ಪುಟದಲ್ಲಿದೆ.

ಒಂದು ಸಣ್ಣ ಅನುಮಾನ. ಇವತ್ತು ಬೆಳಿಗ್ಗೆ ಇಬ್ಬರು ಬಂದು ಗೇಟಿನ ಹೊಸ ಮೋಟರ್ ಕೂರಿಸಿ ಹೋದರು, ಕಾರ್‌ಪೋರ್ಟಿನ ದೀಪಗಳೂ ಉರಿಯುತ್ತಿವೆ. ಇದು ಅವರು ತಪ್ಪು ಒಪ್ಪಿಕೊಂಡ ಹಾಗಾಗುವುದಿಲ್ಲವೇ? ಅಲ್ಲದೆ, ಕಾಗದಕ್ಕೆ ಸಹಿ ಹಾಕದಿದ್ದರೆ ಲೀಸ್ ಮುರಿಯಲು ನಮಗೆ ಬೇರೆ ದಾರಿ ಇದೆಯೇ? ಪತ್ನಿ ಕತ್ತಲಾದ ಮೇಲೆ ಕಾರಿನಿಂದ ಇಳಿಯುತ್ತಿಲ್ಲ. ನಾನು ಬರುವವರೆಗೆ ಅಂಗಡಿಯ ಪಾರ್ಕಿಂಗಿನಲ್ಲೇ ಕಾಯುತ್ತಾಳೆ.

ಉತ್ತರ: ಪ್ಲೇನೋ ಪ್ಯಾರಾಲೀಗಲ್

ಆಗುವುದಿಲ್ಲ. ಘಟನೆಯ ನಂತರ ಮಾಡಿದ ದುರಸ್ತಿಯನ್ನು ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗಿ ತೋರಿಸಲು ಸಾಕ್ಷ್ಯ ನಿಯಮಗಳು ಬಿಡುವುದಿಲ್ಲ. ಬಿಟ್ಟರೆ ದಾವೆಯ ಭಯಕ್ಕೆ ಯಾರೂ ಏನನ್ನೂ ಸರಿಪಡಿಸುವುದಿಲ್ಲ ಎಂಬುದು ಅದರ ಹಿಂದಿನ ಯೋಚನೆ. ತಮ್ಮ ಬಳಿ ಇರಬೇಕಾದದ್ದು ಗೇಟು ಕೆಟ್ಟಿದ್ದಾಗಿನ ಚಿತ್ರಗಳು ಮತ್ತು ಆ ಎರಡು ‘ಪೂರ್ಣಗೊಂಡಿದೆ’ ಸಂದೇಶಗಳು. ಪೋರ್ಟಲ್ಲಿನ ಪುಟವನ್ನು ಈಗಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಮನೆ ಖಾಲಿ ಮಾಡಿದ ಮೇಲೆ ಎಷ್ಟೋ ಕಡೆ ಲಾಗಿನ್ ನಿಂತುಹೋಗುತ್ತದೆ.

ಲೀಸ್ ವಿಷಯದಲ್ಲಿ, ಕೌಟುಂಬಿಕ ಹಿಂಸೆ, ಲೈಂಗಿಕ ದೌರ್ಜನ್ಯ, ಬೆನ್ನುಹತ್ತಿ ಕಾಡುವಿಕೆಗೆ ಒಳಗಾದವರಿಗೆ ಲೀಸ್ ಮುರಿಯುವ ಪ್ರತ್ಯೇಕ ಹಕ್ಕನ್ನು ಟೆಕ್ಸಾಸ್ ಕೊಟ್ಟಿದೆ, ದರೋಡೆ ಅದರಲ್ಲಿ ಸೇರಿಲ್ಲ. ಆರೋಗ್ಯ ಸುರಕ್ಷತೆಗೆ ಧಕ್ಕೆಯಾಗುವ ದುರಸ್ತಿಯನ್ನು ಬರಹದಲ್ಲಿ ಕೇಳಿಯೂ ಮಾಡದಿದ್ದರೆ ಇನ್ನೊಂದು ದಾರಿಯಿದೆ, ಆದರೆ ಈಗ ಗೇಟು ಸರಿಯಾಗಿರುವುದರಿಂದ ಅದು ದುರ್ಬಲ. ಸಿಟ್ಟಿನಲ್ಲಿ ಬಾಡಿಗೆ ನಿಲ್ಲಿಸಬೇಡಿ. ಬಾಕಿ ಇಟ್ಟುಕೊಂಡವರಿಗೆ ಆ ಹಕ್ಕೂ ಇರುವುದಿಲ್ಲ, ಮೇಲಾಗಿ ಮನೆ ಬಿಡಿಸುವ ನೋಟಿಸು ಬರುತ್ತದೆ. ಲೀಸಿನಿಂದ ಬಿಡುಗಡೆಯನ್ನಷ್ಟೇ ಬೇರೆಯಾಗಿ, ಹಕ್ಕು ಬಿಡುವ ಸಾಲಿಲ್ಲದೆ, ಒಂದೇ ಪುಟದಲ್ಲಿ ಬರೆದುಕೊಡಿ ಎಂದು ಕೇಳಿ ನೋಡಿ. ಸುದ್ದಿ ಹಬ್ಬಬಾರದೆಂಬ ಆತುರ ಅವರಿಗೂ ಇರುತ್ತದೆ. ವಕೀಲರ ಫೀಸು ಇಂಥ ದಾವೆಯಲ್ಲಿ ಮೊದಲೇ ಕೊಡಬೇಕಾಗುವುದಿಲ್ಲ. ಗೆದ್ದರೆ ಬಂದ ಹಣದಲ್ಲಿ ಮೂರನೇ ಒಂದು ಪಾಲೋ ಇನ್ನೂ ಸ್ವಲ್ಪ ಹೆಚ್ಚೋ ತೆಗೆದುಕೊಳ್ಳುತ್ತಾರೆ. ಅದಕ್ಕಾಗಿಯೇ ಗೆಲ್ಲುವ ಸಂಭವ ಕಡಿಮೆಯೆನಿಸಿದರೆ ಅವರೇ ಬೇಡವೆನ್ನುತ್ತಾರೆ. ಇಬ್ಬರು ಮೂವರನ್ನು ಕಾಣಿರಿ.

ಪ್ರತಿಕ್ರಿಯೆ: ಇರ್ವಿಂಗ್ ನಿವಾಸಿ

ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕಾಗದವನ್ನು ಸಹಿಯಿಲ್ಲದೆ ಹಿಂದಿರುಗಿಸಿದೆವು. ಒಂದು ಪುಟದ ಬಿಡುಗಡೆ ಪತ್ರವನ್ನು ಕೇಳಿದ್ದಕ್ಕೆ ಮೇಲಿನವರನ್ನು ವಿಚಾರಿಸಿ ಹೇಳುತ್ತೇವೆ ಎಂದಿದ್ದಾರೆ.

ನಗರದಿಂದ ಪಟ್ಟಿ ಬಂದಿದೆ. ನಮ್ಮ ವಿಳಾಸಕ್ಕೆ ಎರಡು ವರ್ಷಗಳಲ್ಲಿ ಬಂದ ಕರೆಗಳಲ್ಲಿ ಬಹುಪಾಲು ಕಾರಿನ ಕಳ್ಳತನ, ಗಲಾಟೆ, ಜೋರು ಸಂಗೀತ. ಆದರೆ ಮೂರು ದರೋಡೆಗಳಿವೆ, ಮೂರೂ ಪಾರ್ಕಿಂಗಿನಲ್ಲಿ, ಅದರಲ್ಲಿ ಎರಡು ಗೇಟು ಕೆಟ್ಟ ಮೇಲಿನವು. ಸೆಪ್ಟೆಂಬರ್‌ನದು ನಮ್ಮ ಹಿಂದಿನ ಸಾಲಿನಲ್ಲಿರುವ ತೆಲುಗು ಕುಟುಂಬದ್ದು. ಅಲ್ಲೂ ಬಂಗಾರವೇ ಹೋಗಿದೆ. ಅವರು ಮಾರನೆಯ ದಿನವೇ ಆಫೀಸಿಗೆ ಇಮೇಲ್ ಬರೆದು ಗೇಟಿನ ವಿಷಯ ಹೇಳಿದ್ದರಂತೆ, ಅದರ ಪ್ರತಿ ಕೊಟ್ಟಿದ್ದಾರೆ. ಒಂದೇ ಆವರಣದಲ್ಲಿದ್ದೂ ನಮಗೆ ಇದು ತಿಳಿದಿರಲಿಲ್ಲ. ಆಫೀಸಿನವರು ಯಾರಿಗೂ ಹೇಳಿರಲಿಲ್ಲ.

ಸ್ಯಾನ್ ಹೋಸೆಯ ಮೇಡಂ ಹೇಳಿದಂತೆ ಹಿಂಬದಿಯ ಮನೆಗಳ ಬಾಗಿಲು ತಟ್ಟುತ್ತ ಹೋದೆ. ಏಳನೆಯ ಮನೆಯವರ ಡೋರ್‌ಬೆಲ್ ಕ್ಯಾಮೆರಾ ಗೇಟಿನ ಅರ್ಧ ಭಾಗವನ್ನು ಹಿಡಿಯುತ್ತದೆ. ಆ ಸಂಜೆ 6.41ಕ್ಕೆ ಬೆಳ್ಳಿ ಬಣ್ಣದ ಕಾರೊಂದು ದೀಪ ಆರಿಸಿಕೊಂಡು ಒಳಗೆ ಬಂದು, 6.49ಕ್ಕೆ ಹೊರಗೆ ಹೋಗಿದೆ. ನಂಬರ್ ಪ್ಲೇಟ್ ಕಾಣುವುದಿಲ್ಲ. ಕಾರಿನ ಬಲಕ್ಕೆ, ಕಂಬಕ್ಕೆ ಸುತ್ತಿದ ಸರಪಳಿ ಮಾತ್ರ ಚೆನ್ನಾಗಿ ಕಾಣುತ್ತದೆ. ಡಿಟೆಕ್ಟಿವ್ ಅವರಿಗೆ ಒಂದು ಪ್ರತಿ ಕೊಟ್ಟಿದ್ದೇನೆ. ಇನ್ನೊಂದನ್ನು ತೆಗೆದುಕೊಂಡು ಗುರುವಾರ ಡಲ್ಲಾಸಿನ ಒಬ್ಬ ವಕೀಲರ ಬಳಿ ಹೋಗುತ್ತಿದ್ದೇವೆ. ಪತ್ನಿಯ ಕೈಯ ಕಟ್ಟು ಬಿಚ್ಚುವುದೂ ಅದೇ ದಿನ.